ಬ್ರೇಕ್ ಪೆಡಲಿಗೆ ವೆಲ್ಡಿಂಗ್ ಹಾಕಸೂದು ಉಳಿತಾಯ ಅಲ್ರಿ

ಹೋದ ವಾರ ಕುಂದಗೋಳದಾಗ ನಮ್ಮ ನಾದಿನಿ ಮಗಳ ಕುಬಸ ಇತ್ತು. ಊಟ ಮುಗಿಸಿ ನಾವೊಂದ ಎಂಟ ಹತ್ತ ಮಂದಿ ಹೆಂಗಸರು ಪಡಸಾಲ್ಯಾಗ ಎಲಿ ಅಡಿಕಿ ಹಾಕ್ಕೋತ ಕುಂತಿದ್ವಿ. ಮಾತಿಗೆ ಮಾತ ಬಂದು ಗಾಡಿ ಸುದ್ದಿ ಬಂತು. ನಮ್ಮ ನೆಗೆಣ್ಣಿ ಎಲ್ಲಾರ ಮುಂದ ಹೇಳಿದ್ಲು, "ನಮ್ಮ ಗಾಡಿದು ಬ್ರೇಕ್ ಪೆಡಲ್ ಸೀಳಿತ್ತು. 300 ರೂಪಾಯ್ದಾಗ ವೆಲ್ಡಿಂಗ್ ಹಾಕಿಸಿ ಮುಗಿಸಿದ್ವಿ. ನಮ್ಮಕ್ಕನ್ನ ನೋಡ್ರಿ, ಅದ ಕೆಲಸಕ್ಕ ಮೂರ ಸಾವಿರ ಸುರದು, ವಾರಗಟ್ಲೆ ಗಾಡಿ ನಿಲ್ಲಿಸಿಕೊಂಡ ಕುಂತ್ಲು. ಗಂಡಸರ ವ್ಯವಹಾರದಾಗ ಹೆಂಗಸರು ಕೈ ಹಾಕಿದ್ರ ಹಿಂಗ ಆಗೂದು."

ಎಲ್ಲಾರೂ ನಕ್ರು. ನಾನೂ ನಕ್ಕೆ. ಕುಬಸದ ಮನ್ಯಾಗ, ಬಸರ ಹುಡುಗಿ ಮುಂದ, ಬ್ರೇಕ್ ಫೇಲ್ ಆಗೂ ಮಾತ ಆಡಬಾರದು ಅಂತ ಬಾಯಿ ಮುಚಿಗೊಂಡೆ. ಆದ್ರ ಮನಿಗೆ ಬಂದ ಮ್ಯಾಲ ನಿದ್ದಿ ಬರಲಿಲ್ಲ. ನಕ್ಕದ್ದಕ್ಕ ಸಿಟ್ಟ ಬಂದಿಲ್ಲ. ನೆಗೆಣ್ಣಿ ಗಾಡಿ ಓಡಸೂದು ಅಕಿ ಹೊಟ್ಟ್ಯಾಗ ಹುಟ್ಟಿದ ಮಗ, ಅದಕ್ಕ ನಿದ್ದಿ ಬರಲಿಲ್ಲ. ಅವತ್ತ ನುಂಗಿದ ಮಾತ ಇವತ್ತ ಬರೀತೀನಿ. ನೆಗೆಣ್ಣಿನೂ ಓದ್ತಾಳ. ಓದಲಿ.

ಮೊದಲ ನನ್ನ ತಪ್ಪ ಹೇಳಿಬಿಡ್ತೀನಿ. ವೆಲ್ಡಿಂಗ್ ಪುರಾಣ ನಮ್ಮ ಮನ್ಯಾಗ ಚಾಲೂ ಮಾಡಿದಾಕಿ ನಾನ.

ನಮ್ಮದು ಆರ ಗಾಲಿ ಸಣ್ಣ ಲಾರಿ, 2004ರ ಮಾಡೆಲ್. ನನ್ನ ನಾಕ ತೊಲಿ ಬಂಗಾರ ಒತ್ತಿ ಇಟ್ಟು ಸೆಕೆಂಡ್ ಹ್ಯಾಂಡ್ ತಗೊಂಡದ್ದು. ನಮ್ಮನಿಯವರಿಗೆ ಮೊಣಕಾಲ ಆಪರೇಶನ್ ಆದ ಮ್ಯಾಲ ಅವರು ಓಡಸೂದಿಲ್ಲ. ಅಣ್ಣಿಗೇರಿ ಕಡೆ ಹುಡುಗ ಒಬ್ಬಾಂವ ಬರತಾನ, ಇಪ್ಪತ್ನಾಕ ವಯಸ್ಸು. ಉಳ್ಳಾಗಡ್ಡಿ, ಕಾಯಿಪಲ್ಲೆ ಹೇರಿಕೊಂಡು ಹುಬ್ಬಳ್ಳಿಯಿಂದ ಕಲಘಟಗಿ, ಯಲ್ಲಾಪುರ, ಅರಬೈಲ್ ಘಟ್ಟ ಇಳದು ಅಂಕೋಲಾ, ಕುಮಟಾ ಕಡೆ ಹೋಗತಾನ. ಬರೂವಾಗ ತೆಂಗಿನಕಾಯಿ ಸಿಕ್ರ ತೆಂಗಿನಕಾಯಿ, ಇಲ್ಲಂದ್ರ ಖಾಲಿ. ಲೆಕ್ಕದ ವಹಿ ನನ್ನ ಕೈಯಾಗ. ಡೀಸೆಲ್ ಎಷ್ಟು, ಟೈರ್ ಎಷ್ಟು, ಭತ್ತೆ ಎಷ್ಟು ಅಂತ ಬರಿಯೂದು ನನ್ನ ಕೆಲಸ. ಅಂದ ಮ್ಯಾಲ ಗಾಡಿ "ಗಂಡಸರ ವ್ಯವಹಾರ" ಹೆಂಗ ಆತು, ನೀವ ಹೇಳ್ರಿ.

ಎರಡ ವರ್ಷದ ಹಿಂದ ಆ ಹುಡುಗ ಒಂದಿನ ಅಂದ, "ಅವ್ವಾರ, ಕ್ಲಚ್ ಭಾಳ ಬಿಗಿ ಆಗೇತ್ರಿ. ಎಡಗಾಲ ರಾತ್ರಿ ಮಲಗಿದ್ರೂ ಜುಂ ಅಂತೈತಿ." ನಾ ಏನ ಮಾಡಿದೆ? ನೋವಿನ ಮುಲಾಮ ಕೊಟ್ಟ ಕಳಸಿದೆ. ಒಂದ ತಿಂಗಳಕ್ಕ ಕಲಘಟಗಿ ಬಜಾರದಾಗ ಕ್ಲಚ್ ಪೆಡಲ್ ಪಟ್ಟಂತ ಮುರೀತು. ಗೇರ್ ಬೀಳವಲ್ದು, ಹಿಂದ ಬಸ್ಸಿನಾವ್ರ ಹಾರ್ನ್. ಹುಡುಗ ಫೋನ್ ಮಾಡಿದ. ಅಲ್ಲೇ ರಸ್ತೆ ಬಾಜೂಕ ವೆಲ್ಡಿಂಗ್ ಅಂಗಡಿ ಐತಿ, 250 ಕೇಳ್ತಾನ ಅಂದ. "ಹಾಕಿಸಿಕೊಂಡ ಬಾ" ಅಂದಾಕಿ ನಾನ. ಫೋನಿಟ್ಟು ವಹಿಯಾಗ 250 ಅಂತ ಬರದು, ಸಾವಿರಾರು ರೂಪಾಯಿ ಉಳಿಸಿದೆ ಅಂತ ಚಾ ಕುಡದೆ.

ಹದಿನೇಳ ದಿನಕ್ಕ ಮತ್ತ ಮುರೀತು. ಹೊಲದ ಜಾಗಾ ಗಟ್ಟಿ ಇದ್ದಲ್ಲೆ ಸೀರಿ ಅದರ ಪಕ್ಕ ಹರೀತೈತಿ ನೋಡ್ರಿ, ಹಂಗ. ವೆಲ್ಡಿಂಗ್ ಗಡ್ಡಿ ಹಂಗ ಇತ್ತು, ಅದರ ಬಾಜೂಕ ಅರ್ಧ ಬೊಟ್ಟ ದೂರ ಮುರದಿತ್ತು. ಈ ಸಲ ಹುಬ್ಬಳ್ಳಿ ಗ್ಯಾರೇಜಿಗೆ ಎಳಕೊಂಡ ಬಂದ್ವಿ. ಮಿಸ್ತ್ರಿ ಬಿಚ್ಚಿ ನೋಡಿದ್ರ ಕ್ಲಚ್ ಪ್ಲೇಟ್ ಸವದಿತ್ತು, ಅದನ್ನ ಒತ್ತೂ ಬೇರಿಂಗ್ ಒಣಗಿ ಕಿರಗುಟ್ಟತಿತ್ತು, ಪೆಡಲ್ ತಿರಗೂ ಬುಶ್ ಒಳಗ ಗ್ರೀಸಿನ ಹೆಸರಿಲ್ಲ. ಒಳಗ ಬಿಗಿ ಆದಷ್ಟು ಹುಡುಗ ಜೋರ ತುಳದಾನ. ಜೋರ ತುಳದಷ್ಟು ಪೆಡಲ್ ದಣದೈತಿ. ಹುಡುಗನ ಕಾಲ ನೋವ ಹೇಳಿದ್ದು ಗಾಡಿ ರೋಗನ. ನಾ ಗಾಡಿ ರೋಗಕ್ಕ ಹುಡುಗನ ಕಾಲಿಗೆ ಮುಲಾಮ ಹಚ್ಚಿದ್ದೆ.

ಅದಕ್ಕ ಹೇಳ್ತೀನಿ, ಪೆಡಲ್ ತಾನಾಗೇ ಮುರಿಯೂದು ಕಡಿಮಿ. ಮುರದೈತಿ ಅಂದ್ರ ಯಾತಕ್ಕ ಅಂತ ಕೇಳಬೇಕು. ಕೇಳದ ವೆಲ್ಡಿಂಗ್ ಹಾಕಿದ್ರೂ ದಂಡ, ಕೇಳದ ಹೊಸಾದ ಹಾಕಿದ್ರೂ ದಂಡ. ಕೆಲವು ಮಿಸ್ತ್ರಿಗೋಳಿಗೆ ಹೊಸಾದ ಹಾಕೂ ಹುಚ್ಚು. ಹೊಸ ಪೆಡಲ್ ತಂದು ಅದ ಸವದ ಬುಶ್, ಅದ ಹಳೇ ಪಿನ್ನಿಗೆ ಸಿಗಿಸಿ ಬಿಲ್ ಕೈಯಾಗ ಕೊಡ್ತಾರ. ಹರಕ ಕೌದಿಗೆ ರೇಶ್ಮಿ ತ್ಯಾಪಿ ಹಚ್ಚಿದಂಗ. ಪೆಡಲ್ ಹಿಡದು ಅತ್ತಾಗ ಇತ್ತಾಗ ಅಲಗಾಡಿಸಿ ನೋಡ್ರಿ. ಮುಂದ ಹಿಂದ ಅಷ್ಟ ಹೋಗಬೇಕು, ಬಾಜೂಕ ಸಡಿಲ ಆಡಬಾರದು. ಆಡಿದ್ರ ಬುಶ್ ಹೋಗೈತಿ ಅಂತ ಲೆಕ್ಕ. ಬುಶ್ ರೊಕ್ಕ ಹೆಚ್ಚೇನ ಆಗೂದಿಲ್ಲ. ಗ್ರೀಸ್ ರೊಕ್ಕ ಅದಕ್ಕಿಂತ ಕಡಿಮಿ.

ಇಷ್ಟೆಲ್ಲಾ ಕಲತೆ, ಆದ್ರೂ ಬ್ರೇಕ್ ಕಡೆ ನನ್ನ ಲಕ್ಷ್ಯ ಹೋಗಲಿಲ್ಲ. ಕ್ಲಚ್ ಮುರದ್ರ ಮರ್ಯಾದಿ ಹೋಗತೈತಿ. ಹಿಂದಿನಾವ್ರು ಹಾರ್ನ್ ಹೊಡೀತಾರ, ಬೈತಾರ, ಬ್ರೇಕ್ ಹಿಡದು ಗಾಡಿ ನಿಲ್ಲಸಬಹುದು. ಬ್ರೇಕ್ ಪೆಡಲ್ ಮುರದ್ರ?

ಹೋದ ವರ್ಷ ಖಂಡೇ ಪೂಜಿ ಹಿಂದಿನ ದಿನ. ಹೊರಗ ಹುಡುಗ ಗಾಡಿ ತೊಳೀತಿದ್ದ, ನಾ ಒಳಗ ಕ್ಯಾಬಿನ್ ಒರಸಾಕ ಹತ್ತಿದ್ದೆ. ಸ್ಟೇರಿಂಗ್, ಗೇರ್ ಹಿಡಿಕಿ ಎಲ್ಲಾ ಒರಸಿ, ಕೆಳಗ ಕುಂತು ಪೆಡಲಿಗೆ ಕುಂಕುಮ ಹಚ್ಚಬೇಕಲ್ಲ ಅಂತ ಚಿಮಣಿ ಎಣ್ಣಿ ಅರವಿಲೆ ಜಿಡ್ಡ ತಗದೆ. ಬ್ರೇಕ್ ಪೆಡಲಿನ ತೋಳಿಗೆ, ಮ್ಯಾಲ ಪಿನ್ನಿನ ತೂತ ಇರತೈತಲ್ಲ, ಅದರ ಕೆಳಗ ಒಂದ ಕೆಂಪ ಗೆರಿ ಕಂಡ್ತು. ತಲಿಗೂದಲ ಅಂಟೇತಿ ಅನಕೊಂಡು ಒರಸಿದೆ. ಹೋಗಲಿಲ್ಲ. ಉಗುರಿಲೆ ಕೆರದೆ. ಉಗುರ ಸಿಕ್ಕಿತು.

ನಮ್ಮಪ್ಪ ಹಬ್ಬಕ್ಕ ಬಂದಿದ್ದ. ಹುಬ್ಬಳ್ಳಿ ರೇಲ್ವೆ ವರ್ಕಶಾಪಿನ್ಯಾಗ ಫಿಟ್ಟರ್ ಇದ್ದು ರಿಟೈರ್ ಆದಾಂವ. ಈಗ 82 ವರ್ಷ, ಕಿವಿ ಮಂದ, ಕಣ್ಣಿಗೆ ಆಪರೇಶನ್ ಆಗೈತಿ, ಆದ್ರ ಕಬ್ಬಿಣದ ವಿಷಯ ಬಂದ್ರ ಮೈ ಎಲ್ಲಾ ಕಿವಿ. ಕರದು ತೋರಿಸಿದೆ. ನೋಡಿ, "ಖಡು ಐತೇನ ಮನ್ಯಾಗ?" ಅಂದ. ಮೊಮ್ಮಗಳ ಪಾಟಿ ಚೀಲದಾಗಿಂದ ಖಡು ತಂದ ಕೊಟ್ಟೆ. ಪುಡಿ ಮಾಡಸಿದ. ಆ ಜಾಗಾಕ್ಕ ಚಿಮಣಿ ಎಣ್ಣಿ ಹಚ್ಚಿ, ಸ್ವಲ್ಪ ಹೊತ್ತ ಬಿಟ್ಟು, ಅರವಿಲೆ ಸಪ್ಪಟ ಒಣಾ ಒರಸಿದ. ಮ್ಯಾಲ ಖಡು ಪುಡಿ ಉದರಿಸಿದ. ಇಬ್ಬರೂ ನೋಡ್ಕೋತ ಕುಂತ್ವಿ. ಐದ ನಿಮಿಷ ಆಗಿರಬೇಕು, ಬೆಳ್ಳಗ ಇದ್ದ ಪುಡಿ ಮ್ಯಾಲ ಒಂದ ಕರೆ ಗೆರಿ ತಾನಾಗೇ ಮೂಡಿತು, ಯಾರೋ ಸೂಜಿ ತಗೊಂಡ ಬರದಂಗ. ನಾ ನೋಡಿದ್ದು ಒಂದ ಇಂಚು. ಅದು ಮೂಡಿದ್ದು ತೋಳ ಸುತ್ತಿ ಹಿಂದಿನ ತನಕಾ.

ಸೀಳಿನ ಒಳಗ ಎಣ್ಣಿ ಹೊಕ್ಕಿರತೈತಿ, ಮ್ಯಾಲ ಒರಸಿದ್ರೂ ಒಳಗಿಂದು ಹೋಗಿರೂದಿಲ್ಲ, ಖಡು ಅದನ್ನ ಹೀರಿ ಹೊರಗ ತರತೈತಿ. ಅಷ್ಟ ಅದರ ಗುಟ್ಟು. ರೇಲ್ವೆದಾಗ ಗಾಲಿ ಅಚ್ಚಿಗೆ ಹಿಂಗ ಮಾಡಿ ಸೀಳ ಹುಡಕತಿದ್ದರಂತ. ಮಶೀನ್ ಬ್ಯಾಡ, ಮಿಸ್ತ್ರಿ ಬ್ಯಾಡ. ಚಿಮಣಿ ಎಣ್ಣಿ ಈಗ ಸಿಗೂದು ಕಡಿಮಿ, ಡೀಸೆಲ್ ಆದ್ರೂ ನಡೀತೈತಿ. ಜಿಡ್ಡ ಮಾತ್ರ ಮೊದಲ ಪೂರ್ತಿ ತಗೀಬೇಕು, ಬಣ್ಣ ಇದ್ರ ಅದನ್ನೂ ಕೆರೀಬೇಕು. ಇಲ್ಲಾಂದ್ರ ಸೀಳಿನ ಬಾಯಿ ಮುಚ್ಚಿರತೈತಿ, ಏನೂ ಕಾಣೂದಿಲ್ಲ.

ಆಗ ಶುರು ಆತು ಮನ್ಯಾಗ ವಾದ. ನಮ್ಮನಿಯವರು, "ಇಷ್ಟ ಸೀಳಿಗೆ ಪೆಡಲ್ ಯಾಕ ಬದಲಿ ಮಾಡಬೇಕು? ನಾಳೆ ಪೂಜಿ, ನಾಡದ್ದ ಉಳ್ಳಾಗಡ್ಡಿ ಲೋಡ್ ಐತಿ. ಒಂದ ಟಾಕಿ ಹೊಡಿಸಿದ್ರ ಮುಗೀತು" ಅಂದ್ರು. ವೆಲ್ಡಿಂಗಿನಾಂವನ್ನೂ ಕರದ್ರು. ಅಂವ ಬಂದು, "ಇದೇನ್ರಿ, 300 ಕೊಡ್ರಿ, ಮೊದಲಿಗಿಂತ ಗಟ್ಟಿ ಮಾಡಿ ಕೊಡ್ತೀನಿ" ಅಂದ. ನಮ್ಮಪ್ಪ ಕಟ್ಟಿ ಮ್ಯಾಲ ಕುಂತಾಂವ ಒಂದ ಮಾತ ಆಡಲಿಲ್ಲ. ಪೆಡಲ್ ಬಿಚ್ಚಸಿದ. ಬಾಜೂ ಮನಿ ಹುಡುಗನ ಗ್ಯಾರೇಜಿನ್ಯಾಗ ವೈಸಿಗೆ ಕಚ್ಚಿಸಿದ. ನಮ್ಮನಿಯವರ ಕೈಯಾಗ ಸುತಗಿ ಕೊಟ್ಟು, "ಒಂದ ಏಟ ಹಾಕ್ರಿ ಅಳಿಯಂದ್ರ" ಅಂದ.

ಒಂದ ಏಟಿಗೆ ಎರಡ ತುಂಡಾತು.

ಮುರದ ಮಾರಿ ತಿರಗಿಸಿ ತೋರಿಸಿದ. ಎರಡ ಬಣ್ಣ ಇತ್ತು. ಮುಕ್ಕಾಲ ಭಾಗ ಕಂದ, ಕರೆ, ತುಕ್ಕ ಹಿಡದಿತ್ತು. ಉಳಿದ ಒಂದ ಕಾಲ ಭಾಗ ಬೆಳ್ಳಿ ಮುರದಂಗ ಫಳಫಳ. ತುಕ್ಕ ಹಿಡದ ಭಾಗ ಮುರದು ತಿಂಗಳಗಟ್ಲೆ ಆಗೈತಿ, ಫಳಫಳ ಅನ್ನೂದು ಈಗ ಮುರದದ್ದು. ಅಂದ್ರ ಏನರ್ಥ? ಆ ಹುಡುಗ ಎಷ್ಟ ಸಲ ಘಟ್ಟ ಇಳದಾನೋ, ಎಷ್ಟ ಸಲ ಕುಮಟಾ ಸಂತಿ ಗದ್ದಲದಾಗ ಹೊಕ್ಕಾನೋ, ಅಷ್ಟೂ ಸಲ ಕಾಲ ಪೆಡಲಿನ ಮ್ಯಾಲ ಜೋತು ಬಿದ್ದಿದ್ದು ಎರಡ ಬೊಟ್ಟ ಅಗಲದ ಕಬ್ಬಿಣಕ್ಕ. ನಮ್ಮನಿಯವರು ಸುತಗಿ ಕೆಳಗ ಇಡಲಿಲ್ಲ, ಕೈಯಾಗ ಹಿಡಕೊಂಡ ಹಂಗ ನಿಂತಿದ್ರು. ವೆಲ್ಡಿಂಗಿನಾಂವ ಬೀಡಿ ಹಚ್ಚಿಕೊಂಡು ಹೊರಗ ಹೋದ. ಹುಡುಗ ಮಾತ್ರ ತುಂಡ ಕೈಯಾಗ ತಗೊಂಡು ಆ ಕಡೆ ಈ ಕಡೆ ತಿರಗಿಸಿ ನೋಡಿ, "ನಮ್ಮವ್ವಗ ಹೇಳಬ್ಯಾಡ್ರಿ ಅವ್ವಾರ" ಅಂದ.

ಈಗ "ಮೊದಲಿಗಿಂತ ಗಟ್ಟಿ" ಅನ್ನೂ ಮಾತಿಗೆ ಬರ್ತೀನಿ. ವೆಲ್ಡಿಂಗ್ ಅಂದ್ರ ಕೆಟ್ಟದ್ದು ಅಂತ ನಾ ಹೇಳಾಂಗಿಲ್ಲ. ಲಾರಿ ಡಾಲಾ, ಮಡಗಾರ್ಡು, ನಮ್ಮ ಗೇಟು, ಕಿಡಕಿ ಸರಳು, ಎಲ್ಲಾ ವೆಲ್ಡಿಂಗಿನ ಮ್ಯಾಲ ನಿಂತಾವ. ಆದ್ರ ಸೀಳ ಪೂರ್ತಿ ಕೊರದು ತಗದು, ತಳದಿಂದ ತುಂಬಿಕೋತ ಬರಬೇಕು. ರಸ್ತೆ ಬಾಜೂಕ ಯಾರ ಕೊರೀತಾರ? ಮ್ಯಾಲ ಸವರತಾರ, ಹೋಳಿಗಿ ಮ್ಯಾಲ ತುಪ್ಪ ಸವರಿದಂಗ. ಒಳಗಿನ ಸೀಳ ಹಂಗ ಇರತೈತಿ, ಈಗ ಕಣ್ಣಿಗೆ ಕಾಣೂದಿಲ್ಲ ಅಷ್ಟ. ಮತ್ತ ಕಾಯಿಸಿದ ಕಬ್ಬಿಣದ ಬಾಜೂಕ ಗುಣ ಬದಲಿ ಆಗತೈತಿ. ಎಷ್ಟೋ ಸಲ ಅಲ್ಲೆ ಪೆಡಸ ಆಗಿ, ವೆಲ್ಡಿಂಗ್ ಗಟ್ಟಿ ನಿಂತು ಅದರ ಪಕ್ಕ ಮುರೀತೈತಿ. ನಮ್ಮ ಕ್ಲಚ್ ಪೆಡಲಿಗೆ ಆದದ್ದು ಅದ. ಇನ್ನ ಎರಕದ ಕಬ್ಬಿಣ ಇದ್ರ ಮುಗದ ಹೋತು. ಅದಕ್ಕ ಬ್ಯಾರೆ ಸಳಿ ಬೇಕು, ಮೊದಲ ಕಾಯಿಸಬೇಕು, ಸಾವಕಾಶ ಆರಿಸಬೇಕು. ಇಲ್ಲಾಂದ್ರ ಆರೂ ಹೊತ್ತಿಗೇ ಟಣ್ ಅಂತ ಮತ್ತ ಸೀಳತೈತಿ. ಕಾದ ಹಂಚಿಗೆ ತಣ್ಣೀರ ಹಾಕಿ ನೋಡಿದಾಕಿಗೆ ಇದು ಹೇಳಬೇಕಾಗಿಲ್ಲ.

ಗಾಡ್ಯಾಗ ಇದ್ದಾಗ ಅಲ್ಲೇ ವೆಲ್ಡಿಂಗ್ ಹಿಡಿಯೂದು ಇನ್ನೊಂದ ಹುಚ್ಚಾಟ. ಬ್ಯಾಟರಿ ವೈರ್ ತಗದಿರೂದಿಲ್ಲ, ಕೆಳಗ ಎಣ್ಣಿ ಪೈಪು, ಬಾಜೂಕ ವೈರಿಂಗು, ಮ್ಯಾಟು. ಕಿಡಿ ಎಲ್ಲೆ ಬೀಳತೈತಿ ಅಂತ ಯಾರ ನೋಡ್ಯಾರ?

ಪೆಡಲ್ ಮ್ಯಾಲ ಎಷ್ಟ ಭಾರ ಬೀಳತೈತಿ ಅಂತ ನಮಗ ಅಂದಾಜ ಇಲ್ಲ, ಅದಕ್ಕ ಹಗರ ಮಾತಾಡ್ತೀವಿ. ಕುಬಸದಾಗ ಎಲ್ಲಾರೂ ಅಡಕತ್ತರಿ ಹಿಡದ ಕುಂತಿದ್ರೆಲ್ಲ, ಅದನ್ನ ನೆನಸ್ಕೋರಿ. ಹಿಡಿಕಿ ತುದಿ ಎರಡ ಬೊಟ್ಟಿಲೆ ಒತ್ತಿದ್ರ ಕಲ್ಲಿನಂಥಾ ಅಡಿಕಿ ಎರಡ ಹೋಳ. ಯಾಕಂದ್ರ ಹಿಡಿಕಿ ಉದ್ದ, ಅಡಿಕಿ ಇರೂದು ಮೊಳಿ ಹಂತೇಕ. ಬ್ರೇಕ್ ಪೆಡಲೂ ಅಡಕತ್ತರಿ ಜಾತಿದ. ನಮ್ಮಪ್ಪ ಟೇಪ್ ಹಿಡದು ಅಳದ: ಕಾಲ ಇಡೂ ಜಾಗಾದಿಂದ ಪಿನ್ನಿನ ತನಕಾ 30 ಸೆಂಟಿಮೀಟರ್, ಪಿನ್ನಿನಿಂದ ಬ್ರೇಕ್ ನೂಕೂ ಸಳಿ ತನಕಾ 6. ಐದ ಪಟ್ಟು. ಹುಡುಗ 40 ಕಿಲೋ ಭಾರ ಹಾಕಿ ತುಳದ್ರ ಆ ಸಳಿ ಮ್ಯಾಲ 200 ಕಿಲೋ. ಎದುರಿಗೆ ಎಮ್ಮಿ ಬಂದಾಗ ಯಾರೂ 40 ಕಿಲೋ ಅಂತ ಅಳದ ತುಳಿಯೂದಿಲ್ಲ, ಇದ್ದ ಜೀವಾ ಎಲ್ಲಾ ಹಾಕಿ ತುಳೀತಾರ. ಅಂದ್ರ ಪೆಡಲ್ ಮುರಿಯೂ ಹೊತ್ತು ಯಾವುದು? ಮನಿ ಮುಂದ ಗಾಡಿ ನಿಲ್ಲಿಸೂವಾಗ ಅಲ್ಲ. ಎಮ್ಮಿ ಬಂದಾಗ. ಕೂಸ ಓಡಿ ಬಂದಾಗ. ಘಟ್ಟದ ತಿರುವಿನ್ಯಾಗ.

ದೊಡ್ಡ ಲಾರಿಗೋಳಾಗ ಗಾಳಿ ಬ್ರೇಕ್ ಇರತೈತಿ, ಅಲ್ಲೆ ಪೆಡಲ್ ಒಂದ ವಾಲ್ವ್ ತಗದ್ರ ಸಾಕು, ಉಳಿದದ್ದು ಗಾಳಿ ಮಾಡತೈತಿ. ನಮ್ಮಂಥಾ ಹಳೇ ಸಣ್ಣ ಗಾಡ್ಯಾಗ ಎಣ್ಣಿ ಬ್ರೇಕು. ಕಾಲಿಗೆ ಸಹಾಯ ಮಾಡಾಕ ಒಂದ ಬೂಸ್ಟರ್ ಡಬ್ಬಿ ಇರತೈತಿ, ಅದು ಕೆಲಸ ಮಾಡೂದು ಇಂಜಿನ್ ಚಾಲೂ ಇದ್ರ ಅಷ್ಟ. ಇಲ್ಲೆ ಇನ್ನೊಂದ ನಾಚಿಕಿ ಮಾತ ಹೇಳಬೇಕು. ಇಳಕಲಿನ್ಯಾಗ ಇಂಜಿನ್ ಬಂದ್ ಮಾಡಿ ನ್ಯೂಟ್ರಲ್ ಹಾಕಿ ಬಿಟ್ರ ಡೀಸೆಲ್ ಉಳೀತೈತಿ ಅಂತ ಆ ಹುಡುಗಗ ಕಲಿಸಿದ್ದು ನಮ್ಮನಿಯವರು. ಉಳಿಸಿದ್ದಕ್ಕ ಶಾಭಾಸ್ ಅಂದದ್ದು ನಾನು. ಇಂಜಿನ್ ಬಂದ್ ಆದ್ರ ಒಂದೆರಡ ಸಲ ಬ್ರೇಕ್ ಒತ್ತೂ ತನಕಾ ಡಬ್ಬ್ಯಾಗಿನ ಶಕ್ತಿ ಮುಗೀತೈತಿ, ಆಮ್ಯಾಲ ಪೆಡಲ್ ಕಲ್ಲಾಗತೈತಿ. ಹುಡುಗ ಸೀಟಿನಿಂದ ಎದ್ದು ಎರಡೂ ಕಾಲಿಲೆ ತುಳೀತಿದ್ನಂತ, ಆಮ್ಯಾಲ ಹೇಳಿದ. ಗೇರಿನ್ಯಾಗ ಇಳದ್ರ ಇಂಜಿನ್ನೇ ಗಾಡಿ ಹಿಡೀತೈತಿ, ಅದನ್ನೂ ಬಿಟ್ಟಂಗಾತು. ಡೀಸೆಲ್ ಎಷ್ಟ ಉಳಿದಿತ್ತೋ ಏನೋ, ಪೆಡಲ್ ತೋಳು ಮಾತ್ರ ಉಳೀಲಿಲ್ಲ. ಅವತ್ತಿಂದ ಆ ಉಳಿತಾಯ ನಮ್ಮ ಮನ್ಯಾಗ ಬಂದ್. ಕೀಲಿ ತಿರಗಿಸಿದ ಸುದ್ದಿ ಬಂದ್ರ ಭತ್ತೆ ಕಟ್ ಅಂತ ಹೇಳೀನಿ.

ಹ್ಯಾಂಡ್ ಬ್ರೇಕ್ ಐತೆಲ್ಲ ಅಂತಾರ ಕೆಲವರು. ಅದು ನಿಂತ ಗಾಡಿ ಸರೀದಂಗ ಹಿಡ್ಯಾಕ ಇರೂದು. ಲೋಡ್ ಗಾಡಿ ಅರಬೈಲ್ ಘಟ್ಟದಾಗ ಓಡಾಕ ಹತ್ತಿದ ಮ್ಯಾಲ ಅದನ್ನ ನಂಬೂದಂದ್ರ ಬಾಲ ಹಿಡದು ಎತ್ತ ನಿಲ್ಲಿಸಿದಂಗ. ಆ ರಸ್ತೆ ಎಂಥಾದ್ದು ಅಂತ ನಮಗ್ಯಾರಿಗೂ ಹೊಸದಾಗಿ ಹೇಳೂದ ಬ್ಯಾಡ. 2025ರ ಜನವರ್ಯಾಗ ಸವಣೂರಿನ ಕಾಯಿಪಲ್ಲೆ ವ್ಯಾಪಾರದ ಮಂದಿ ಕುಮಟಾ ಸಂತಿಗೆ ಹೊಂಟಾಗ ಯಲ್ಲಾಪುರ ಹಂತೇಕ ಲಾರಿ ಕಮರಿಗೆ ಉರುಳಿ ಹತ್ತ ಮಂದಿ ಹೋದ್ರಲ್ಲ. ಅದಕ್ಕೂ ಪೆಡಲಿಗೂ ಸಂಬಂಧ ಐತಿ ಅಂತ ನಾ ಹೇಳೂದಿಲ್ಲ. ಎಲ್ಲಾ ಸರಿ ಇದ್ದಾಗೂ ಹಂಗ ಆಗೂ ರಸ್ತೆ ಅದು, ಅಷ್ಟ ಹೇಳ್ತೀನಿ. ಅಲ್ಲೆ ಮುಕ್ಕಾಲ ಮುರದ ಪೆಡಲ್ ಕೊಟ್ಟು ಇನ್ನೊಬ್ಬಾಕಿ ಮಗನ್ನ ಕಳಸಿದ್ವಿ ನಾವು, ತಿಂಗಳಗಟ್ಲೆ.

"ಫಿಟ್ನೆಸ್ ಆಗೇತೆಲ್ಲ" ಅಂತ ಮೈದುನ ಅಂದಾನ. ಹೌದಪಾ, ಎಂಟ ವರ್ಷ ದಾಟಿದ ಲಾರಿಗೆ ವರ್ಷಕ್ಕೊಮ್ಮೆ ಫಿಟ್ನೆಸ್ ಮಾಡಸಬೇಕು, ನಮ್ಮದೂ ಆಗಿತ್ತು, ಕಾಗದ ಪ್ಲಾಸ್ಟಿಕ್ ಹಾಳ್ಯಾಗ ಹಾಕಿ ಇಟ್ಟೀನಿ. ಆ ಕಾಗದ ಅವತ್ತಿನ ದಿನಕ್ಕ ಕೊಟ್ಟದ್ದು. ಮರುದಿನದಿಂದ ಬೆಳದ ಸೀಳಿಗೆ ಕಾಗದ ತೋರಿಸಿದ್ರ ಅದು ನಿಲ್ಲತೈತೇನು? ಲಿಂಬಿಹಣ್ಣ, ಮೆಣಸಿನಕಾಯಿನೂ ಕಟ್ಟಿರ್ತೀವಿ ಮುಂದ. ಕಟ್ಟರಿ, ಬ್ಯಾಡ ಅನ್ನೂದಿಲ್ಲ. ಕಟ್ಟೂ ಮುಂದ ಸ್ವಲ್ಪ ಬಗ್ಗಿ ಪೆಡಲೂ ನೋಡ್ರಿ.

ಹೊಸ ಪೆಡಲ್ ಹುಡಕೂದೂ ಸುಲಭ ಆಗಲಿಲ್ಲ, ಅದನ್ನೂ ಮುಚ್ಚಿಡೂದಿಲ್ಲ. ಹಳೇ ಮಾಡೆಲ್, ಅಂಗಡ್ಯಾಗ ಸ್ಟಾಕ್ ಇಲ್ಲ, ತರಸಾಕ ಐದಾರ ದಿನ ಅಂದ್ರು. ಅಷ್ಟರಾಗ ಗುಜರಿ ನೋಡೂಣು ಅಂತ ನಾನು, ಹುಡುಗ, ನಮ್ಮಪ್ಪ ಮೂರೂ ಮಂದಿ ಹೋದ್ವಿ. ಗುಜರ್ಯಾಂವ ಎರಡ ಪೆಡಲ್ ತಗದ. ಒಂದಕ್ಕ 800, ಇನ್ನೊಂದಕ್ಕ 900. 800ರದ್ದು ಹೊಸದಾಗಿ ಕರೆ ಬಣ್ಣ ಹೊಡಕೊಂಡು ಮದಲಿಂಗನಂಗ ಮಿಂಚತಿತ್ತು. ನಮ್ಮಪ್ಪ ಚಾಕುಲೆ ಬಣ್ಣ ಕೆರದ, ಕೆಳಗ ಹಳೇ ವೆಲ್ಡಿಂಗ್ ಗಂಟ. ಇನ್ನೊಂದಕ್ಕ ಸೀಳ ಇರಲಿಲ್ಲ, ಆದ್ರ ಪಿನ್ನಿನ ತೂತ ಗುಂಡಗ ಇರೂ ಬದಲಿ ಮೊಟ್ಟಿ ಆಕಾರ ಆಗಿತ್ತು. ಗುಜರಿ ಮಾಲ ಎಲ್ಲಾ ಕೆಟ್ಟದ್ದು ಅಂತ ಅಲ್ಲ. ಕ್ಲಚ್ಚಿಂದೋ ಎಕ್ಸಲೇಟರಿಂದೋ ಇದ್ರ ಛಲೋ ನೋಡಿ, ಹಳೇದರ ಮ್ಯಾಲ ಇಟ್ಟು ತೂತಿಗೆ ತೂತ ತಾಳಿ ನೋಡಿ ತರಬಹುದು. ಬ್ರೇಕಿಂದು ಗುಜರ್ಯಾಗ ತರೂದಿದ್ರ ಖಡು ಪುಡಿ ಸಂಗಾಟ ಒಯ್ಯರಿ. ಗುಜರ್ಯಾಂವ ನಗತಾನ. ನಗಲಿ.

ಕಡೀಕ ಹೊಸಾದ ಬಂತು, 2,150. ಬುಶ್, ಪಿನ್ನು, ಸ್ಪ್ರಿಂಗು, ಪೆಡಲಿನ ರಬ್ಬರು, ಪಿನ್ನ ಉಚ್ಚದಂಗ ಹಾಕೂ ಸಣ್ಣ ಚೀಳ ಕಡ್ಡಿ, ಎಲ್ಲಾ ಹೊಸಾವು. ಮಜೂರಿ ಸೇರಿ 3,040. ಚೀಳ ಕಡ್ಡಿ ಹಳೇದನ್ನ ನೆಟ್ಟಗ ಮಾಡಿ ಹಾಕಾಕ ಹೊಂಟಿದ್ದ ಮಿಸ್ತ್ರಿ. ಎರಡ ಮೂರ ರೂಪಾಯಿ ಕಡ್ಡಿರಿ ಅದು! ಅದ ಮುರದ್ರ ಪಿನ್ನ ಉಚ್ಚಿ ಹೊಸ ಪೆಡಲ್ ಕಾಲಾಗ ಬೀಳತೈತಿ. ನಾ ಬಾಜೂಕ ನಿಂತಿದ್ದಕ್ಕ ಹೊಸಾದ ಹಾಕಿದ.

ಹಾಕಿದ ಮ್ಯಾಲ ನೋಡಬೇಕಾದದ್ದು ನಮ್ಮಪ್ಪ ಹೇಳಿದ. ಪೆಡಲ್ ತುಳದಾಗ ಶುರೂಕ ಸ್ವಲ್ಪ ಸಡಿಲ ಇರಬೇಕು, ಪೂರ್ತಿ ಬಿಗಿ ಮಾಡಿದ್ರ ಬ್ರೇಕ್ ಹಿಡಕೊಂಡ ಉಳದು ಗಾಲಿ ಕಾಯತಾವ. ಇಂಜಿನ್ ಬಂದ್ ಇಟ್ಟು ನಾಕೈದ ಸಲ ತುಳದು, ಗಟ್ಟಿ ಆದ ಮ್ಯಾಲ ಕಾಲ ಹಂಗ ಇಟ್ಟು ಮೂವತ್ತ ಎಣಸಬೇಕು, ಪೆಡಲ್ ಸಾವಕಾಶ ಕೆಳಗ ಇಳೀಬಾರದು. ಕಾಲ ಇಟ್ಟಂಗೇ ಇಂಜಿನ್ ಚಾಲೂ ಮಾಡಿದ್ರ ಸ್ವಲ್ಪ ಒಳಗ ಹೋಗಬೇಕು, ಹೋದ್ರ ಬೂಸ್ಟರ್ ಸರಿ ಐತಿ ಅಂತ. ಹಿಂದ ನಮ್ಮ ಮೊಮ್ಮಗಳನ್ನ ನಿಲ್ಲಿಸಿದ್ವಿ, ಕೆಂಪ ಲೈಟ್ ಹತ್ತಿತೇನ ನೋಡಾಕ. "ಹತ್ತೀ... ಆರೀ..." ಅಂತ ಒದರಿ ಒದರಿ ಓಣಿ ಮಂದಿಯೆಲ್ಲಾ ಹೊರಗ ಬಂದ್ರು.

ಆರ ದಿನ ಗಾಡಿ ನಿಂತಿತು. ಎರಡ ಟ್ರಿಪ್ ಹೋದವು. ದಲಾಲಿ ಅಂಗಡ್ಯಾಂವ, "ನಿಮ್ಮನ್ನ ನಂಬಿ ಕೆಟ್ಟೆ" ಅಂತ ಬೈದ, ಇನ್ನೂ ಸರಿಯಾಗಿ ಮಾತಾಡವಲ್ಲ. ಕಂತ ತಡಾ ಆತು, ದಂಡ ತುಂಬಿದೆ. ದೀಪಾವಳಿಗೆ ಇಲಕಲ್ ಸೀರಿ ತಗೋಬೇಕಂತ ಎತ್ತಿಟ್ಟ ರೊಕ್ಕ ಅದಕ್ಕ ಹೋತು. ನೆಗೆಣ್ಣಿ ಹೇಳೂ ಲೆಕ್ಕದಾಗ ನನಗ ನಷ್ಟ ಆಗಿದ್ದು ಖರೇನ. ನನ್ನ ವಹಿಯಾಗೂ ಅದು ನಷ್ಟ ಅಂತನ ಬರದೈತಿ. ಆದ್ರ ಆ ವಹಿಯಾಗ ಹುಡುಗನ ಹೆಸರಿನ ಕೆಳಗ ಬರೇ ಪಗಾರ ಐತಿ. ಅವನ ಜೀವಾ ಯಾವ ಕಾಲಂನ್ಯಾಗ ಬರೀಲಿ?

ಉಳಸೂದು ಅಂದ್ರ ನಮಗ ದೊಡ್ಡ ಗುಣ. ನಮ್ಮ ಅತ್ತಿ ಕಾಲದಿಂದ ಹಂಗ ಬೆಳದೀವಿ. ಹಳೇ ಸೀರಿ ಕೌದಿ ಆಗತೈತಿ, ಕೌದಿ ಹರದ್ರ ಕಾಲೊರಸು ಆಗತೈತಿ, ತಂಗಳ ಅನ್ನ ಒಗ್ಗರಣಿ ಆಗತೈತಿ. ಇದರಾಗ ನಾಚಿಕಿ ಇಲ್ಲ. ಆದ್ರ ಕೌದಿಗೆ ತ್ಯಾಪಿ ಹಚ್ಚೂದು ಬ್ಯಾರೆ. ತೊಟ್ಟಲ ಹಗ್ಗ ಸವದ್ರ ಗಂಟ ಹಾಕಿ ಕೂಸ ಮಲಗಸ್ತೀವೇನು? ಕುಕ್ಕರಿನ ವಾಲ್ವ್ ಹೋದ್ರ ಕಣಕದ ಹಿಟ್ಟ ಮೆತ್ತಿ ಬ್ಯಾಳಿ ಕುದಸ್ತೀವೇನು? ಯಾರೂ ಹೇಳದ ನಮಗ ಗೊತ್ತೈತಿ, ಯಾವುದಕ್ಕ ತ್ಯಾಪಿ ನಡೀತೈತಿ ಯಾವುದಕ್ಕ ನಡಿಯೂದಿಲ್ಲ ಅಂತ. ಅದ ಬುದ್ಧಿ ಗಾಡಿ ಹತ್ರ ಬಂದ ಕೂಡ್ಲೆ ಯಾಕ ಹೊಸಲ ಹೊರಗ ಬಿಡ್ತೀವಿ? ಪೆಡಲಿನ ರಬ್ಬರ ಹಾಕಿಸ್ರಿ, ಬುಶ್ ಹಾಕಿಸ್ರಿ, ಸ್ಪ್ರಿಂಗಿನ ಕೊಂಡಿ ಮುರದ್ರ ವೆಲ್ಡಿಂಗ್ ಹಾಕಿಸ್ರಿ. ಅದು ದುರಸ್ತಿ. ಬ್ರೇಕಿನ ತೋಳು ಸೀಳಿದ್ರ ತಗದ ಒಗೀರಿ. ಒಗಿಯೂ ಮುಂದ ಮುರದ ಒಗೀರಿ, ಇಲ್ಲಾಂದ್ರ ಗುಜರ್ಯಾಂವ ಬಣ್ಣ ಹೊಡದು ಇನ್ನೊಬ್ಬಾಕಿ ಮನಿಗೆ ಮಾರತಾನ.

"ಗಂಡಸರ ವ್ಯವಹಾರ" ಅಂತಾರಲ್ಲ, ಬಂಗಾರ ಒತ್ತಿ ಇಡೂವಾಗ ಯಾರೂ ಆ ಮಾತ ಆಡಲಿಲ್ಲ. ಆಸ್ಪತ್ರಿ ಮುಂದ ಕುಂದರೂವಾಗೂ ಆಡೂದಿಲ್ಲ. ನಡುವ ಪೆಡಲ್ ಬಂದಾಗ ಅಷ್ಟ ನೆನಪ ಆಗತೈತಿ. ಮಿಸ್ತ್ರಿ ಹಂತೇಕ ಹೋಗಿ ನಿಂದ್ರಾಕ ನಾಚಿಕಿ ಅಂತೀರಿ. ನನಗೂ ಇತ್ತು. ಮೊದಲನೇ ದಿನ ಸೆರಗ ಹೊತಗೊಂಡು ಮೂಲ್ಯಾಗ ನಿಂತಿದ್ದೆ, ಎರಡನೇ ದಿನ ಸ್ಟೂಲ್ ಹಾಕಿ ಕೊಟ್ರು, ಮೂರನೇ ದಿನ ಚಾ ಕೊಟ್ರು. ನಾಕನೇ 'ದಿನ ಹೊಸ ಬುಶ್ಶಿಗೆ ಗ್ರೀಸ್ ಹಚ್ಚಿ ತೋರಿಸ್ರಿ' ಅಂದೆ, ಮಿಸ್ತ್ರಿ ಮರು ಮಾತಾಡದ ತೋರಿಸಿದ.

ಹುಡುಗನ ಅವ್ವಗ ಅವತ್ತ ಹೇಳಲಿಲ್ಲ. ಆಮ್ಯಾಲ ಸಂಕ್ರಮಣಕ್ಕ ಅಕಿ ನಮ್ಮನಿಗೆ ಮಾದಲಿ ಕಟಗೊಂಡು ಬಂದಾಗ, ಮುರದ ತುಂಡ ಕಟ್ಟಿ ಮ್ಯಾಲ ಇತ್ತು. ಏನ್ರಿ ಇದು ಅಂತ ಎತ್ತಿ ನೋಡಿದ್ಲು. ನಾ ಖರೇ ಹೇಳಿದೆ. ಅಕಿ ಬೈಲಿಲ್ಲ, ಅಳಲಿಲ್ಲ. ಸೆರಗಿಲೆ ಅದರ ಧೂಳ ಒರಸಿ ಹಂಗ ತಿರುಗಿ ಇಟ್ಲು. ಬೈದಿದ್ರ ನನಗ ಹಗರ ಆಗತಿತ್ತು.

ಆ ತುಂಡ ಇನ್ನೂ ಕಟ್ಟಿ ಮ್ಯಾಲ ಐತಿ. ಗಾಡಿ ಇದ್ದ ಮನಿಯಾಕಿ ಯಾರ ಬೇಕಾದ್ರೂ ಬಂದ ನೋಡ್ರಿ, ಎರಡ ಬಣ್ಣ ಇನ್ನೂ ಕಾಣತಾವ, ಫಳಫಳ ಭಾಗ ಸ್ವಲ್ಪ ಮಾಸೈತಿ ಅಷ್ಟ.

ನೆಗೆಣ್ಣಿ, ನಿಮ್ಮ ಗಾಡಿ ರವಿವಾರ ಖಾಲಿ ನಿಂದರತೈತಿ ಅಂತ ಮೈದುನ ಹೇಳ್ಯಾನ. ನಾ ಮುಂಜಾನೆ ಹತ್ತಕ್ಕ ಬರ್ತೀನಿ, ಅಪ್ಪನೂ ಬರ್ತೀನಿ ಅಂದಾನ. ಚಿಮಣಿ ಎಣ್ಣಿ, ಖಡು ನಾ ತರ್ತೀನಿ. ಪೆಡಲಿನ ಜಿಡ್ಡ ಮಾತ್ರ ನಿನ್ನ ಮಗನ ಕೈಲೆ ಮೊದಲ ಒರಸಿ ಇಡಸು, ವೆಲ್ಡಿಂಗ್ ಮ್ಯಾಲಿನ ಬಣ್ಣ ಸೈತ ಕೆರದಿರಲಿ. ಸೀಳ ಇಲ್ಲಂದ್ರ ಎಲ್ಲಾರ ಮುಂದ ನಗು, ನಾನೂ ನಗತೀನಿ. ಇದ್ರ, ಇನ್ನೊಂದ ಪೆಡಲ್ ಯಾವ ಅಂಗಡ್ಯಾಗ ತರಸಬೇಕು ಅಂತ ನನಗ ಗೊತ್ತೈತಿ. ನೀ ಬರೇ ಅವಲಕ್ಕಿ ಹಚ್ಚಿ ಇಡು.